ಪಳಗಿದ ಪಾತ್ರೆ

ಬಲಗೈ ಹೆಬ್ಬೆರಳಿನಲ್ಲಿ ಏನೋ ಚುಚ್ಚುತ್ತಿದೆ, ಪೆನ್ನು ಒತ್ತಿ ಹಿಡಿದರೆ ಚುಚ್ಚುತ್ತದೆ, ಸಡಿಲಿಸಿದರೆ ಇಲ್ಲ, ಮೊನ್ನೆಯಿಂದಲೋ ಅದರಾಚೆಯಿಂದಲೋ ಹೀಗೇ, ಮನೆಯ ಬಾಣಲೆ ಉಜ್ಜುವಾಗ ಹೊಕ್ಕ ಸಿಬಿರಿರಬೇಕು, ರಾತ್ರಿ ಬ್ರಿನಾ ಮಲಗಿದ ಮೇಲೆ ಸೂಜಿ ಕಾಯಿಸಿ ತೆಗೆದರಾಯಿತು ಅಂತ ದಿನಾ ಅಂದುಕೊಳ್ಳುವುದು, ಮಗಳನ್ನು ಮಲಗಿಸುವಷ್ಟರಲ್ಲಿ ತಾನೇ ಅವಳ ಹಾಸಿಗೆಯಂಚಿನಲ್ಲಿ ಕನ್ನಡಕ ತೆಗೆಯದೆ ನಿದ್ದೆಹೋಗುವುದು — ಪೊಲೋನಾ ಹೆಬ್ಬೆರಳನ್ನು ಬಾಯಿಗಿಡಲು ಹೋಗಿ ತಡೆದಳು, ಈ ಕೋಣೆಯಲ್ಲಿ ಬೆರಳು ಬಾಯಿಗೆ ಹೋಗಕೂಡದು, ಅದು ಮೊದಲ ದಿನದ ಪಾಠ, ಪ್ರಯೋಗಶಾಲೆಯ ಹಳೆಯ ಸಹಾಯಕ ವಿಂಕೊ ಕಲಿಸಿದ್ದು, ಬಾಯಿ ಇರೋದು ತಿನ್ನೋಕೆ ಮತ್ತೆ ಹರಟೋಕೆ, ಎರಡನ್ನೂ ಕಾರಿಡಾರಲ್ಲಿ ಮಾಡಿ ಡಾಕ್ಟರಮ್ಮ. ಆಗ ಅವಳಿನ್ನೂ ಡಾಕ್ಟರಾಗಿರಲಿಲ್ಲ, ಅವನು ಚುಡಾಯಿಸಲಿಕ್ಕೆ ಹಾಗೆ ಕರೆಯುತ್ತಿದ್ದ, ಆದ ಮೇಲೂ ಚುಡಾಯಿಸಲಿಕ್ಕೇ ಕರೆಯುತ್ತಾನೆ. ಕಿಟಕಿಯಾಚೆ ಲುಬ್ಲಿಯಾನಾದ ಮಂಜು, ಹಾಲಿಗೆ ನೀರು ಬೆರೆಸಿದ ಹಾಗೆ, ಎದುರಿನ ಪಾಪ್ಲರ್ ಮರಗಳಿಗೆ ಸೊಂಟದ ಮೇಲೆ ಏನೂ ಇಲ್ಲ. ಎದುರಿಗೆ ಉಕ್ಕಿನ ಗೋಡೆ, ಗೋಡೆಯ ಹಿಂದೆ ವಿದ್ಯುತ್ ಒಲೆ, ಒಲೆಯೊಳಗೆ ಕುತ್ತಿಗೆಯವರೆಗೆ ಕೂತ ನಿಕ್ಕಲ್ ಪಾತ್ರೆ, ಒಂದು ಚೆಂಬಿನಷ್ಟು ಗಾತ್ರ, ಪಾತ್ರೆಯೊಳಗೆ ಬೆಳ್ಳಿಯ ಫ್ಲೋರೈಡ್ ಪುಡಿ, ಅದರ ಮೇಲೆ ಬೆಳಗ್ಗೆ ತುಂಬಿದ ಫ್ಲೋರಿನ್ ಅನಿಲ. ಇದಿಷ್ಟೂ ಅವಳಿಗೆ ಕಾಣುವುದು ಮೇಲೆ ಓರೆಯಾಗಿ ತೂಗುಹಾಕಿದ ಕನ್ನಡಿಯಲ್ಲಿ ಮಾತ್ರ, ನೇರ ನೋಡಕೂಡದ್ದನ್ನು ಕನ್ನಡಿಯಲ್ಲಿ ನೋಡಬೇಕು. ಗೋಡೆಯ ಈಚೆಗೆ, ಅವಳ ಮೂಗಿನೆದುರಿಗೆ, ಒತ್ತಡದ ಮಾಪಕ, ಅದರ ಮುಳ್ಳು. ಮುಳ್ಳು ಇಳಿದಿತ್ತು. ಇಳಿಯಬೇಕಾದದ್ದೇ. ಬೆಳ್ಳಿ ಫ್ಲೋರಿನ್ ಅನ್ನು ತಿಂದ ಹಾಗೆಲ್ಲ ಅನಿಲ ಕಡಿಮೆಯಾಗುತ್ತದೆ, ಮುಳ್ಳು ಇಳಿಯುತ್ತದೆ, ಮಗು ಬಟ್ಟಲಿನ ಗಂಜಿ ಖಾಲಿಮಾಡುವುದನ್ನು ಬಾಗಿಲ ಸಂದಿಯಿಂದ ನೋಡುವ ತಾಯಿಯ ಹಾಗೆ ಅವಳು ಅದನ್ನು ನೋಡುತ್ತ ಕೂತಿದ್ದಾಳೆ, ತಿನ್ನು, ತಿನ್ನು, ನಿಧಾನ ತಿನ್ನು.

ಬೆಳ್ಳಿಯ ಬುದ್ಧಿ ಅವಳಿಗೆ ಗೊತ್ತು. ತನ್ನಲ್ಲಿರುವುದರಲ್ಲಿ ಒಂದು ಎಲೆಕ್ಟ್ರಾನ್ ಕೊಟ್ಟು ಸುಮ್ಮನಾಗುವ ಲೋಹ, ಯಾರು ಕೇಳಿದರೂ ಒಂದೇ, ಕ್ಲೋರಿನ್ ಬರಲಿ ಗಂಧಕ ಬರಲಿ, ಒಂದು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತದೆ, ಸಂಸಾರಸ್ಥರ ಲೆಕ್ಕ. ಎರಡನೆಯದನ್ನು ಅದರಿಂದ ಕಿತ್ತುಕೊಳ್ಳಬೇಕೆಂದರೆ ಫ್ಲೋರಿನ್ನೇ ಬರಬೇಕು, ಬಿಸಿಯಾಗಿ ಬರಬೇಕು, ಒತ್ತಿ ನಿಲ್ಲಬೇಕು. ಆಗ ಆಗುವುದು ಡೈಫ್ಲೋರೈಡ್, ಕಂದೋ ಕಪ್ಪೋ ಹೇಳಲಾಗದ ಬಣ್ಣದ ಪುಡಿ, ಆ ಪುಡಿಯೊಳಗಿನ ಬೆಳ್ಳಿ ಬೇರೆಯೇ ಬೆಳ್ಳಿ, ಕಳೆದುಕೊಂಡ ಎರಡನೆಯದನ್ನು ಮರೆಯುವುದಿಲ್ಲ, ಎಲ್ಲಿ ಸಿಕ್ಕಿದರೆ ಅಲ್ಲಿಂದ ಕಸಿಯಲು ನೋಡುತ್ತದೆ, ನೀರಿನಿಂದ, ಕಾಗದದಿಂದ, ಕೈಗವಸಿನ ಜಿಡ್ಡಿನಿಂದ, ಮೇಲೆ ಬಿದ್ದ ಉಸಿರಿನ ತೇವದಿಂದ. ಅದಕ್ಕೇ ಅದನ್ನು ಗಾಳಿಗೆ ತೋರಿಸುವ ಹಾಗಿಲ್ಲ, ಒಣ ಪೆಟ್ಟಿಗೆಯೊಳಗೆ ರಬ್ಬರಿನ ದಪ್ಪ ತೋಳುಗಳಲ್ಲಿ ಕೈ ತೂರಿಸಿ ಕುರುಡಿಯ ಹಾಗೆ ಎತ್ತಿಡಬೇಕು. ವಾರ್ಸಾದ ಸಂಶೋಧಕರಿಗೆ ಅದು ಬೇಕು, ಅದರ ಪದರಗಳಲ್ಲಿ ಅಯಸ್ಕಾಂತದ ಗುಣ ಹೇಗೆ ಕೂತಿದೆ ಅಂತ ಅಳೆಯುತ್ತಾರಂತೆ, ಅಳೆಯುವ ಯಂತ್ರ ಈ ಚಳಿಗಾಲದಲ್ಲಿ ಅವರ ಪಾಲಿಗೆ ಬಂದಿದೆ, ಮತ್ತೆ ಯಾವಾಗ ಬರುತ್ತದೋ, ಡಾಕ್ಟರ್ ಪೊಲೋನಾ ಕಳಿಸಿಕೊಟ್ಟರೆ ಅವಳ ಹೆಸರೂ ಆ ಕೆಲಸದ ಜೊತೆ, ಇಲ್ಲದಿದ್ದರೆ ಬರುವ ವರ್ಷ ಈ ಕೋಣೆಗೆ ಯಾರು ಬೀಗ ಹಾಕುತ್ತಾರೆ ಅನ್ನುವುದೊಂದೇ ಪ್ರಶ್ನೆ. ಬೇಸಿಗೆಯಿಂದ ಶುದ್ಧಮಾಡಿ ಮಾಡಿ ಕೂಡಿಟ್ಟ ಬೆಳ್ಳಿಯೆಲ್ಲ ಈಗ ಆ ಚೆಂಬಿನೊಳಗಿದೆ. ಇನ್ನೊಂದು ಸಲಕ್ಕೆ ಇಲ್ಲ. ಕಾರಿಡಾರಿನಿಂದ ಯೋಟಾ ಸಾರಿನ ವಾಸನೆ, ಹುಳಿ ಎಲೆಕೋಸು, ಬೀನ್ಸ್ ಕಾಳು, ಹೊಗೆ ಹಾಕಿದ ಮಾಂಸ, ಮಾಲಿಸಾದ ಹೊತ್ತು, ಬೆಳಗಿನ ಅರ್ಧ ಊಟಕ್ಕೆ ಇಡೀ ಮಹಡಿ ಕೆಳಗಿಳಿದಿದೆ, ಅವಳಿಗೂ ಹಸಿವು, ಬೆಳಗ್ಗೆ ಬ್ರಿನಾ ತಿನ್ನದೆ ಬಿಟ್ಟ ಬ್ರೆಡ್ಡಿನ ಅಂಚು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ, ಬ್ರಿನಾ ಇನ್ನೂ ಮುನಿಸಿಕೊಂಡೇ ಇದ್ದಾಳೆ, ಶಾಲೆಯ ಗೇಟಿನಲ್ಲಿ ತಿರುಗಿ ನೋಡಲಿಲ್ಲ, ಶುಕ್ರವಾರದ ಕೋಪ ಇನ್ನೂ —

ಮುಳ್ಳು ಮತ್ತೆ ಇಳಿಯಿತು. ಇಷ್ಟು ಬೇಗ ಇಳಿಯಬಾರದು. ಅವಳು ಗಡಿಯಾರ ನೋಡಿದಳು, ಮುಳ್ಳು ನೋಡಿದಳು, ಒಲೆಯ ಬಿಸಿ ನೋಡಿದಳು, ಬಿಸಿ ಸರಿಯಾಗಿದೆ, ಹಿಂದಿನ ಸಲ ಈ ಬಿಸಿಯಲ್ಲಿ ಮುಳ್ಳು ಇಷ್ಟು ಇಳಿಯಲಿಕ್ಕೆ ಮಧ್ಯಾಹ್ನವಾಗಿತ್ತು. ಪುಡಿ ನುಣ್ಣಗಿದ್ದರೆ ಬೇಗ ತಿನ್ನುತ್ತದೆ, ಈ ಸಲ ನುಣ್ಣಗೆ ಅರೆದಿದ್ದಳಲ್ಲ, ಅದಕ್ಕಿರಬೇಕು, ಅದಕ್ಕೇ ಇರಬೇಕು, ಇಲ್ಲವಾದರೆ — ಇಲ್ಲವಾದರೆ ತಿನ್ನುತ್ತಿರುವುದು ಬೆಳ್ಳಿಯಲ್ಲ. ಆ ಪಾತ್ರೆಯೊಳಗೆ ಇರುವುದು ಎರಡೇ ಬಾಯಿ, ಒಂದು ಬೆಳ್ಳಿ, ಇನ್ನೊಂದು ಪಾತ್ರೆಯೇ, ಯಾರು ತಿಂದರೂ ಮುಳ್ಳು ಇಳಿಯುವುದು ಒಂದೇ ಥರ, ಬೆಳ್ಳಿ ತಿಂದರೆ ವಾರ್ಸಾ, ಪಾತ್ರೆ ತಿಂದರೆ ಬೆಂಕಿ. ಪಾತ್ರೆ ತಿನ್ನುವುದಿಲ್ಲ, ಅದು ಪಳಗಿದ ಪಾತ್ರೆ. ಹೊಸದಾಗಿ ಬಂದಾಗ ಅದಕ್ಕೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಫ್ಲೋರಿನ್ ಕುಡಿಸಿ, ಬಿಸಿ ಮಾಡಿ, ಆರಿಸಿ, ಮತ್ತೆ ಕುಡಿಸಿ, ಒಳಮೈಗೆ ಒಂದು ಪೊರೆ ಬರಿಸಿದ್ದು ಅವಳು ಮತ್ತು ವಿಂಕೊ, ಹಳದಿಯೂ ಅಲ್ಲದ ಹಸಿರೂ ಅಲ್ಲದ ಪೊರೆ, ಮೇಲೆ ಕಂದು ಕಲೆ, ನೋಡಿದವರು ಮೂಗು ಮುರಿಯಬೇಕು. ಆ ಪೊರೆಯೇ ಪಾತ್ರೆಯ ಮರ್ಯಾದೆ, ಅದಿದ್ದರೆ ಫ್ಲೋರಿನ್ ಒಳಗೆ ಅತಿಥಿಯ ಹಾಗಿರುತ್ತದೆ. ಅಮ್ಮನ ಪೊತಿತ್ಸಾ ಅಚ್ಚಿನ ಹಾಗೆ, ಹಬ್ಬದ ಅಕ್ರೋಡಿನ ರೊಟ್ಟಿ ಬೇಯಿಸುವ ಆ ಕಪ್ಪು ಹಿಡಿದ ಅಚ್ಚನ್ನು ಹೊಸದಾಗಿ ಮದುವೆಯಾಗಿ ಬಂದ ಅತ್ತಿಗೆ ಪಾಪ ತಿಕ್ಕಿ ಬೆಳಗಿಟ್ಟಿದ್ದಳು, ಅಮ್ಮ ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟಿದ್ದಳು, ನಿನ್ನ ಒಳ್ಳೇತನಕ್ಕೆ ಏನು ಹೇಳ್ಲಿ ಮಗಳೇ, ಮೂರು ತಲೆಮಾರಿನ ಜಿಡ್ಡು ಕಣೇ ಅದು. ಆ ವರ್ಷದ ಈಸ್ಟರಿನಲ್ಲಿ ರೊಟ್ಟಿ ಅಚ್ಚಿಗೆ ಅಂಟಿಕೊಂಡು ಚೂರು ಚೂರಾಗಿ ಬಂದಿತ್ತು, ಎಲ್ಲರೂ ಚೂರನ್ನೇ ತಿಂದು ಚೆನ್ನಾಗಿದೆ ಅಂದಿದ್ದರು, ಅತ್ತಿಗೆ ಮಾತ್ರ ತಿಂದಿರಲಿಲ್ಲ. ಬೆಳಗಿಟ್ಟ ಅಚ್ಚು, ಫಳಫಳ — ಫಳಫಳ ಅಂದರೆ, ನಿನ್ನೆ ಒಣ ಪೆಟ್ಟಿಗೆಯೊಳಗೆ ಪುಡಿ ತುಂಬುವಾಗ ಪಾತ್ರೆಯ ಬಾಯಿಯಲ್ಲಿ ಮುಚ್ಚಳ ತಿರುಗಿಸಿ ಕೂರಿಸುವ ಮರೆಸುತ್ತು ಹೊಳೆದಿತ್ತು. ಹೊಳೆದಿತ್ತಲ್ಲ. ರಬ್ಬರು ತೋಳಿನೊಳಗೆ ಕೈ ಬೆವರುತ್ತಿತ್ತು, ಗಾಜಿನ ಮೇಲೆ ಅವಳದೇ ಉಸಿರಿನ ಹಬೆ, ಆ ಹಬೆಯಾಚೆ ಪಾತ್ರೆಯ ಬಾಯಿ ಹೊಸ ನಾಣ್ಯದ ಹಾಗೆ — ಹೊಸ ದೀಪ ಹಾಕಿದ್ದಾರಲ್ಲ, ಅದರ ಹೊಳಪು ಅಂದುಕೊಂಡಿದ್ದಳು. ದೀಪ ಹೊಸದು, ನಿಜ. ಆದರೆ ಕಲೆ ಎಲ್ಲಿಗೆ ಹೋಯಿತು.

ಯಾರೋ ತೊಳೆದಿದ್ದಾರೆ. ತೊಳೆದ ಪಾತ್ರೆಗೆ ಬಿಸಿ ಫ್ಲೋರಿನ್ ತುಂಬಿದ್ದೇನೆ. ಯಾರು ಅನ್ನುವುದು ಮನಸ್ಸಿಗೆ ಬರುವ ಮೊದಲೇ ವಿಂಕೊನ ಮುಖ ಬಂತು, ಯಾಕೆಂದರೆ ಈ ಕೋಣೆಯಲ್ಲಿ ಇರುವುದೇ ಇಬ್ಬರು, ಯಾಕೆಂದರೆ ನಿವೃತ್ತಿಗೆ ಮುಂಚೆ ಈ ವಾರ ಅವನ ಕೊನೆಯ ವಾರ, ಸೇಂಟ್ ಮಾರ್ಟಿನ್ ಹಬ್ಬಕ್ಕೆ ಅವನು ಡೊಲೆನ್ಸ್ಕಾದ ತನ್ನ ದ್ರಾಕ್ಷಿ ಗುಡ್ಡಕ್ಕೆ ಹೋದರೆ ಮತ್ತೆ ಬರುವುದಿಲ್ಲ, ಯಾಕೆಂದರೆ ಹೋದ ವಾರವಿಡೀ ಅವನು ಕಪಾಟು ಗುಡಿಸಿದ, ಸ್ಪ್ಯಾನರುಗಳನ್ನು ಒರೆಸಿದ, ಹೋಗುವವರು ಜಾಗವನ್ನು ಚೊಕ್ಕಟ ಮಾಡಿ ಹೋಗಬೇಕು ಡಾಕ್ಟರಮ್ಮ, ಇಲ್ಲಾಂದ್ರೆ ಹಿಂದಿನಿಂದ ಬೈತೀರಿ, ಮುಂದೆ ಬೈದ್ರೆ ಉತ್ತರನಾದ್ರೂ ಕೊಡಬಹುದು. ಮತ್ತೆ ಅವನ ಕಣ್ಣು. ಎಡಗಣ್ಣಿನ ಪೊರೆಗೆ ಜನವರಿಯಲ್ಲಿ ಆಪರೇಷನ್, ಅಲ್ಲಿಯವರೆಗೆ ದಪ್ಪ ಕನ್ನಡಕ, ಮೊನ್ನೆ ಸಕ್ಕರೆ ಡಬ್ಬಿಯ ಬದಲು ಉಪ್ಪಿನ ಡಬ್ಬಿಯಿಂದ ಕಾಫಿಗೆ ಎರಡು ಚಮಚ ಹಾಕಿಕೊಂಡು ಪೂರ್ತಿ ಕುಡಿದಿದ್ದ, ಬಿಸಾಕೋಕೆ ಮನಸ್ಸು ಬರಲಿಲ್ಲ ಅಂದಿದ್ದ. ಬಾಗಿಲು ತೆರೆಯಿತು, ಅವನೇ, ಅವಳನ್ನು ಕಾರಿಡಾರಿಗೆ ಕರೆಯಲು ಬಂದವನು, ಎರಡು ಕೈಯಲ್ಲಿ ಎರಡು ಲೋಟ ಕಾಫಿ, ಕಂಕುಳಲ್ಲಿ ಪೇಪರು, ನಿಮ್ಮ ಪಾಲಿನ ಯೋಟಾನ ಅಡುಗೆಯವಳ ಹತ್ರ ಮುಚ್ಚಿಡಿಸಿದೀನಿ, ಅವಳು ನನ್ನ ಮೇಲೆ ಆಸೆ ಇಟ್ಕೊಂಡಿದಾಳೆ, ಹೋಗೋ ಗಂಡಸಿಗೆ ಬೆಲೆ ಜಾಸ್ತಿ — ಮತ್ತೆ ಅವಳ ಮುಖ ನೋಡಿ ಲೋಟಗಳನ್ನು ನೆಲಕ್ಕಿಟ್ಟ. ಅವಳು ಒಲೆಯ ಸ್ವಿಚ್ಚು ಆರಿಸಿದಳು. ಆರಿಸುತ್ತಲೇ ಹೇಳಿದಳು, ದನಿ ತನ್ನದೇ ಅನ್ನಿಸಲಿಲ್ಲ, ಬ್ರಿನಾಳಿಗೆ ಹಾಲು ಚೆಲ್ಲಿದ್ದಕ್ಕೆ ಬೈಯುವಾಗ ಬರುವ ದನಿ, ವಿಂಕೊ, ನೀವು ನನ್ನ ಪಾತ್ರೆ ತೊಳೆದಿದೀರ, ನಿಕ್ಕಲ್ಲಿಂದು, ತಿಕ್ಕಿ ತೊಳೆದಿದೀರ, ಒಳಗಡೆ ಪೊರೆ ಇಲ್ಲ, ಮುಳ್ಳು ನೋಡಿ. ಅವನು ಮುಳ್ಳು ನೋಡಿದ, ಹತ್ತಿರ ಬಾಗಿ, ಮೂಗು ಗಾಜಿಗೆ ತಗಲುವಷ್ಟು. ಇಲ್ಲ ಅನ್ನಲಿಲ್ಲ. ಇಲ್ಲ ಅನ್ನುತ್ತಾನೆ ಅಂತ ಅವಳು ಕಾದಿದ್ದಳು, ಅಂದಿದ್ದರೆ ಜಗಳವಾಡಬಹುದಿತ್ತು. ಸೋಮವಾರ ಬೆಳಗ್ಗೆ ರ‍್ಯಾಕಿನ ಮೇಲಿದ್ದದ್ದನ್ನೆಲ್ಲ ಒಣಗಿಸೋಕೆ ಓವನ್ನಿಗೆ ಹಾಕಿದ್ದು ನಾನೇ, ಅಂದ, ಅದೂ ಅದರಲ್ಲಿತ್ತು, ಆದ್ರೆ ತೊಳೆದದ್ದು... ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ತೊಳೆದಿರಬಹುದು ಪೊಲೋನಾ. ಈಗೀಗ ನನಗೇ ಗೊತ್ತಾಗಲ್ಲ. ಮನೇಲಿ ಬಾಗಿಲ ಬೀಗ ಹಾಕಿದ್ನೋ ಇಲ್ವೋ ನೋಡೋಕೆ ಬಸ್ ಸ್ಟಾಪಿಂದ ವಾಪಸ್ ಹೋಗ್ತೀನಿ. ತೊಳೆದಿರಬೇಕು.

ಅವನು ಡಾಕ್ಟರಮ್ಮ ಅನ್ನಲಿಲ್ಲ, ಪೊಲೋನಾ ಅಂದ, ಅದು ಅವಳಿಗೆ ತಟ್ಟಿತು, ಆದರೆ ತಟ್ಟಿದ್ದನ್ನು ಪಕ್ಕಕ್ಕಿಟ್ಟಳು, ಪುರುಸೊತ್ತಿಲ್ಲ, ಒಲೆ ಆರಿದರೂ ಲೋಹ ಬಿಸಿ ಬಿಡುವುದಿಲ್ಲ, ಒಳಗೆ ಇನ್ನೂ ಅರ್ಧ ಅನಿಲವಿದೆ, ಅದು ಹೀಗೇ ಗೋಡೆ ತಿನ್ನುತ್ತ ಕೂತರೆ ನಿಕ್ಕಲ್ಲಿನ ಹೊಟ್ಟು ಬೆಳ್ಳಿಯಲ್ಲಿ ಬೆರೆತು ಇಡೀ ಪುಡಿ ಕೆಡುತ್ತದೆ, ಈಗಲೇ ಹೊರಬಿಟ್ಟರೆ ಅರ್ಧ ಉಳಿಯಬಹುದು, ಅರ್ಧವಾದರೂ ವಾರ್ಸಾಕ್ಕೆ — ಹೊರಬಿಡುವ ವಾಲ್ವ್ ಗೋಡೆಯ ಹಿಂದೆ, ಪಾತ್ರೆಯ ಕುತ್ತಿಗೆಯ ಪಕ್ಕದಲ್ಲೇ, ಈಚೆಯಿಂದ ತಿರುಗಿಸುವ ಸರಳು ಬೇಸಿಗೆಯಲ್ಲೇ ಮುರಿದಿದೆ, ಹೊಸದಕ್ಕೆ ಹೇಳಿದ್ದು ಇನ್ನೂ ಬಂದಿಲ್ಲ. ಕಾಯುವುದೇ ಕ್ರಮ. ಇಬ್ಬರಿಗೂ ಗೊತ್ತು ಕಾಯುವುದೇ ಕ್ರಮ ಅಂತ. ವಿಂಕೊ ಗೂಟದಿಂದ ಚರ್ಮದ ಮೇಲಂಗಿ ತೆಗೆದು ಕುತ್ತಿಗೆಗೆ ಹಾಕಿಕೊಂಡ. ಕಾಯೋಣ ಅಂತ ಅವಳು ಹೇಳಬೇಕಾಗಿತ್ತು, ಬಾಯಿಯಲ್ಲಿತ್ತು, ಬಾಯಿಯಲ್ಲೇ ಇತ್ತು. ಯಾರು ಪಾತ್ರೆ ತುಂಬಿದರೋ ಅವರೇ ಗೋಡೆಯ ಹಿಂದೆ ಹೋಗಬೇಕು ಅನ್ನುವುದು ಇಲ್ಲಿಯ ವಾಡಿಕೆ, ಎಲ್ಲೂ ಬರೆದಿಲ್ಲ, ಎಲ್ಲರೂ ಪಾಲಿಸುತ್ತಾರೆ, ಆದರೆ ಬ್ರಿನಾ ಹುಟ್ಟಿದ ಮೇಲೆ ಅವಳ ಪಾಲಿನದೆಲ್ಲ ವಿಂಕೊನೇ ಹೋಗಿದ್ದಾನೆ, ಒಂದು ದಿನವೂ ಅದರ ಮಾತೆತ್ತಿಲ್ಲ, ಅವಳು ಎದ್ದು ನಿಲ್ಲುವಷ್ಟರಲ್ಲಿ ಮೇಲಂಗಿ ಅವನ ಮೈಮೇಲಿರುತ್ತದೆ. ಒಂದೇ ಒಂದು ಸಲ ಅವಳು ಬೇಡ ಅಂದಿದ್ದಳು, ಆಗ ಅವನು, ನನ್ನ ಮಕ್ಕಳು ಫೋನ್ ಮಾಡೋದು ವರ್ಷಕ್ಕೆರಡು ಸಲ, ಒಂದು ತಿಂಗಳು ಮುಖ ಕೆಟ್ಟಿದ್ರೂ ಯಾರಿಗೂ ಗೊತ್ತಾಗಲ್ಲ, ಬಿಡಿ. ಇವತ್ತು ಹಾಗೆ ತಮಾಷೆ ಮಾಡಲಿಲ್ಲ. ನಾನು ಮಾಡಿದ್ದನ್ನ ನಾನೇ ಸರಿಮಾಡಿ ಹೋಗ್ತೀನಿ, ಅಂದ. ಮುಖಕ್ಕೆ ಗಾಜಿನ ಕವಚ ಇಳಿಸಿಕೊಂಡ, ಕೈಗವಸಿನ ಪಟ್ಟಿ ಹಲ್ಲಿನಿಂದ ಎಳೆದು ಬಿಗಿದ, ಪಕ್ಕದ ಕಬ್ಬಿಣದ ಬಾಗಿಲು ತೆರೆದು ಒಳಗೆ ಹೋದ, ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು.

ಕನ್ನಡಿಯಲ್ಲಿ ಅವನ ಬೆನ್ನು. ಗೋಡೆಯ ಹಿಂದಿನ ಜಾಗ ಇಕ್ಕಟ್ಟು, ಪೈಪುಗಳ ನಡುವೆ ಅವನು ಒಂದೊಂದೇ ಹೆಜ್ಜೆ ಇಡುತ್ತಾನೆ, ಕಾಲಿನಿಂದ ನೆಲ ತಡವುತ್ತಾನೆ, ಕಣ್ಣು, ಆ ಕಣ್ಣು. ಮುಳ್ಳು ಇಳಿಯಿತು. ಅವಳು ಮೇಜಿನ ಅಂಚನ್ನು ಹಿಡಿದಳು, ಹೆಬ್ಬೆರಳು ಚುಚ್ಚಿತು. ಸಿಬಿರು. ಹಾಳಾದ್ದು, ಮನೆಯ ಬಾಣಲೆಯದು, ಶುಕ್ರವಾರ ರಾತ್ರಿ — ಶುಕ್ರವಾರ ರಾತ್ರಿ ಬಾಣಲೆಯನ್ನೇ ಇಟ್ಟಿರಲಿಲ್ಲ, ಶುಕ್ರವಾರ ಬೇಕರಿಯ ಬುರೆಕ್ ತಂದು ಕಾಗದದ ಮೇಲೇ ತಿಂದದ್ದು, ಬ್ರಿನಾ ತಿನ್ನದೆ ಗೋಡೆಗೆ ಮುಖ ಮಾಡಿ ಮಲಗಿದ್ದು. ಶನಿವಾರ, ಭಾನುವಾರ ಅಮ್ಮನ ಮನೆ, ಅಮ್ಮ ಪಾತ್ರೆ ಮುಟ್ಟಗೊಡುವುದಿಲ್ಲ. ಹಾಗಾದರೆ ಈ ಸಿಬಿರು ಎಲ್ಲಿಯದು. ಮನೆಯಲ್ಲಿ ಪಾತ್ರೆ ತಿಕ್ಕುವ ಉಕ್ಕಿನ ನಾರೇ ಇಲ್ಲ, ತರಬೇಕು ತರಬೇಕು ಅಂತ ತಿಂಗಳಿಂದ ಮರೆಯುತ್ತಿದ್ದಾಳೆ. ಉಕ್ಕಿನ ನಾರು ಇರುವುದು ಇಲ್ಲಿ, ಸಿಂಕಿನ ಕೆಳಗಿನ ಡಬ್ಬಿಯಲ್ಲಿ, ವಿಂಕೊ ತಾಮ್ರದ ಕೊಳವೆ ಉಜ್ಜಲು ಇಟ್ಟದ್ದು. ಇಲ್ಲಿ. ಕನ್ನಡಿಯಲ್ಲಿ ಅವನು ಒಲೆಯ ಬಳಿ ನಿಂತ. ಶುಕ್ರವಾರ ಸಂಜೆ, ಸಿಂಕು, ಬಿಸಿನೀರಿನ ಹಬೆ, ಕಿವಿ ಮತ್ತು ಭುಜದ ನಡುವೆ ಫೋನು, ಅಮ್ಮಾ ಎಲ್ಲಿದೀಯ, ಬ್ರಿನಾಳ ದನಿ, ಸಂಗೀತ ಶಾಲೆಯಿಂದ, ಹಿಂದೆ ಯಾರದೋ ಪಿಟೀಲು, ನಂದು ಮೂರನೇದು ಅಮ್ಮಾ, ಎರಡನೆಯವಳು ನುಡಿಸ್ತಿದಾಳೆ ಆಗಲೇ, ಬಂದೆ ಮಗಳೇ, ಬಂದೆ, ಬಸ್ಸಿನಲ್ಲಿದೀನಿ, ಸುಳ್ಳು, ನಲ್ಲಿ ಸದ್ದು ಕೇಳ್ತಿದೆಯಲ್ಲ ಅಮ್ಮಾ, ನಲ್ಲಿ ಅಲ್ಲ ಮಳೆ, ಇಲ್ಲಿ ಮಳೆ ಇಲ್ಲ — ಕೈ ಏನು ಮಾಡುತ್ತಿತ್ತು. ಕೈ ತೊಳೆಯುತ್ತಿತ್ತು. ದಿನಾ ರಾತ್ರಿ ಬ್ರಿನಾ ಪಾಠ ಒಪ್ಪಿಸುವಾಗ ಕಿವಿ ಪಾಠಕ್ಕೆ ಕೊಟ್ಟು ಕೈಯನ್ನು ಪಾತ್ರೆಗೆ ಬಿಡುವುದು ರೂಢಿ, ಕೈಗೆ ಯಾವ ಪಾತ್ರೆಯಾದರೇನು, ಗಾಜಿನ ಬೀಕರು ಆಯಿತು, ಪ್ಲಾಸ್ಟಿಕ್ಕಿನ ಕೊಳವೆ ಆಯಿತು, ವಾಷರ್ ಬದಲಿಸಲೆಂದು ಸಿಂಕಿನ ಪಕ್ಕ ತೆಗೆದಿಟ್ಟಿದ್ದ ಕಲೆ ಹಿಡಿದ ಚೆಂಬು ಕೈಗೆ ಬಂತು, ಕೈ ಸಿಂಕಿನ ಕೆಳಗೆ ಹೋಯಿತು, ನಾರು ತಂತು. ಅಳ್ತಿದೀಯಾ ಬ್ರಿನಾ, ಅಳಬೇಡ, ಗರಗರ, ಗರಗರ, ಮರೆಸುತ್ತಿನೊಳಗೆ ಹೆಬ್ಬೆರಳು ಹಾಕಿ ತಿರುವಿ ತಿರುವಿ, ಕಲೆ ಹೋಗದ ಪಾತ್ರೆಯ ಮೇಲೆ ಬರುವ ಆ ಹಟ, ನಂಗೆ ಕರೀತಿದಾರೆ ಅಮ್ಮಾ, ಫೋನು ಕಟ್ಟಾಯಿತು, ಕೈ ಚುರುಕ್ಕೆಂದಿತು, ಪಾತ್ರೆಯನ್ನು ರ‍್ಯಾಕಿನ ಮೇಲೆ ಕವುಚಿಟ್ಟು ಕೋಟು ಎಳೆದುಕೊಂಡು ಓಡಿದಳು.

ನಾನು. ನಾನೇ. ಎರಡು ನಿಮಿಷದ ಹಿಂದೆ ಅವನ ಮುಖಕ್ಕೆ ಹೇಳಿದೆನಲ್ಲ, ನೀವು ತೊಳೆದಿದೀರ ಅಂತ, ಅವನು ತನ್ನ ತಲೆಯನ್ನೇ ಅನುಮಾನಿಸಿ ಒಪ್ಪಿಕೊಂಡನಲ್ಲ, ಒಪ್ಪಿಕೊಂಡು ಒಳಗೆ ಹೋದನಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು, ಅದು ನಿಧಾನವಾಗಿ ಬಂತು, ತಣ್ಣಗೆ ಬಂತು: ನಾರು. ಬರೀ ತೊಳೆದ ಪಾತ್ರೆಯಲ್ಲ, ಉಕ್ಕಿನ ನಾರಿನಿಂದ ತಿಕ್ಕಿದ ಪಾತ್ರೆ. ಇಲ್ಲಿಗೆ ಕೆಲಸಕ್ಕೆ ಸೇರಿದವರಿಗೆಲ್ಲ ಒಂದು ಆಟ ತೋರಿಸುತ್ತಾರೆ, ಬೆರಳ ತುದಿಯಷ್ಟು ಉಕ್ಕಿನ ನಾರಿನ ಮೇಲೆ ಫ್ಲೋರಿನ್ ಊದುವುದು, ಬೆಂಕಿಕಡ್ಡಿ ಇಲ್ಲ ಏನೂ ಇಲ್ಲ, ನಾರು ಬಿಳಿಯಾಗಿ ಹೊತ್ತಿ ಕಣ್ಣು ಕೋರೈಸುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಂದು ಚೂರು ನನ್ನ ಬೆರಳೊಳಗಿದ್ದರೆ ಮರೆಸುತ್ತಿನೊಳಗೆ ಎಷ್ಟಿವೆ. ಕುತ್ತಿಗೆಯ ಸುತ್ತ, ವಾಷರಿನ ಕೆಳಗೆ, ಈಗ ಬಿಸಿಗೆ ವಾಷರ್ ಮೆತ್ತಗಾಗಿ ಅನಿಲ ಅಲ್ಲಿಗೆ ನುಸುಳುತ್ತಿದೆ, ಮುಳ್ಳು ಇಳಿಯುವುದು ಅದಕ್ಕೆ, ಅವನು ವಾಲ್ವ್ ತಿರುಗಿಸಿದ ಕ್ಷಣ ಒಳಗಿರುವುದೆಲ್ಲ ಅದೇ ಕುತ್ತಿಗೆಯ ಮೇಲೆ ಹಾದು ಹೊರಡುತ್ತದೆ, ಕುತ್ತಿಗೆಯ ಎದುರಿಗೆ ಅವನ ಮುಖ, ಕಣ್ಣು ಕಾಣದ ಮನುಷ್ಯ, ಹತ್ತಿರ ಬಾಗುತ್ತಾನೆ, ಮೂಗು ತಗಲುವಷ್ಟು ಬಾಗುತ್ತಾನೆ. ಕನ್ನಡಿಯಲ್ಲಿ ಅವನು ಬಾಗಿದ. ಹೇಳದಿದ್ದರೆ? — ಆ ಯೋಚನೆ ಬಂದದ್ದು ನಿಜ, ಮಿಂಚಿನ ಹಾಗೆ ಬಂತು, ಹೇಳದಿದ್ದರೆ ಅವನು ತಿರುಗಿಸುತ್ತಾನೆ, ಏನೂ ಆಗದೆಯೂ ಇರಬಹುದು, ಅರ್ಧ ಬೆಳ್ಳಿ ಉಳಿಯಬಹುದು, ಶುಕ್ರವಾರ ಅವನು ಗುಡ್ಡಕ್ಕೆ ಹೋಗುತ್ತಾನೆ, ತೊಳೆದದ್ದು ಮುದುಕ ವಿಂಕೊ ಅಂತಲೇ ಉಳಿಯುತ್ತದೆ, ಅವನೂ ಹಾಗೇ ನಂಬಿ ಸಾಯುತ್ತಾನೆ — ವಿಂಕೊ, ಅಂತ ಕೂಗಿದಳು. ಗಾಳಿ ಹೀರುವ ಫ್ಯಾನಿನ ಸದ್ದು. ವಿಂಕೊ, ಮುಟ್ಟಬೇಡಿ. ಬೆನ್ನು ಅಲ್ಲಾಡಲಿಲ್ಲ. ಕೈಗವಸಿನ ಕೈ ವಾಲ್ವನ್ನು ತಡವುತ್ತಿದೆ, ಎಡಕ್ಕೆ ತಡವಿತು, ಬಲಕ್ಕೆ ತಡವಿತು, ಹಿಡಿಯಿತು. ಕಬ್ಬಿಣದ ಬಾಗಿಲು ಇಷ್ಟು ಭಾರ ಅಂತ ಅವಳಿಗೆ ಗೊತ್ತಿರಲಿಲ್ಲ, ಈಚಿನ ವರ್ಷಗಳಲ್ಲಿ ಅವಳು ಅದನ್ನು ತೆರೆದೇ ಇರಲಿಲ್ಲ, ಹೆಗಲು ಕೊಟ್ಟು ನೂಕಿದಳು, ಕವಚವಿಲ್ಲ ಮೇಲಂಗಿಯಿಲ್ಲ, ಬಿಸಿ ಲೋಹದ ವಾಸನೆ, ಅದರೊಳಗೆ ಇನ್ನೊಂದು ಕಟು ವಾಸನೆಯ ಎಳೆ, ಬಂದೇಬಿಟ್ಟಿದೆ, ಸೋರುತ್ತಿದೆ, ಅವನ ಮೊಣಕೈ ಹಿಡಿದು ಎಳೆದಳು.

“ತೊಳೆದದ್ದು ನೀವಲ್ಲ ವಿಂಕೊ, ನಾನು. ಉಕ್ಕಿನ ನಾರಲ್ಲಿ.”

ಕವಚದ ಗಾಜಿನೊಳಗೆ ಅವನ ಕಣ್ಣು ದೊಡ್ಡದಾಗಿ, ನೀರಿನಡಿಯ ಕಣ್ಣಿನ ಹಾಗೆ. ಯಾಕೆ, ಯಾವಾಗ ಅಂತ ಕೇಳಲಿಲ್ಲ. ನಾರು ಅನ್ನುವ ಒಂದೇ ಮಾತು ಅವನಿಗೆ ಸಾಕಾಯಿತು, ವಾಲ್ವಿನಿಂದ ಕೈ ತೆಗೆದ, ಇನ್ನೊಂದು ಕೈಯಿಂದ ಅವಳ ತಲೆಯನ್ನು ಕೆಳಗೊತ್ತಿದ, ತಾನು ಹಿಂದೆ ಅವಳು ಮುಂದೆ, ಬಾಗಿಕೊಂಡೇ ಬಂದರು, ಬಾಗಿಲಿನ ಈಚೆಗೆ ಬಂದು ಅದು ತನ್ನ ಭಾರಕ್ಕೆ ಮುಚ್ಚಿಕೊಳ್ಳುವುದನ್ನು ನಿಂತು ನೋಡಿದರು, ಅದು ಎಷ್ಟು ನಿಧಾನ ಮುಚ್ಚುತ್ತದೆ. ಕೊಂಡಿ ಬಿದ್ದ ಸದ್ದು. ಆಮೇಲೆ ಸುಮ್ಮನೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು, ಪಕ್ಕದಲ್ಲಿ ಎರಡು ಲೋಟ ಕಾಫಿ, ಮೇಲೆ ಕನ್ನಡಿ. ಏನೂ ಆಗಲಿಲ್ಲ. ಏನೂ ಆಗದೇ ಹೋದರೆ ಬೆಳ್ಳಿಯನ್ನು ಸುಮ್ಮನೆ ಕಳೆದುಕೊಂಡೆನಲ್ಲ ಅಂತ ಇನ್ನೂ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು, ನಾಚಿಕೆಗೆಟ್ಟ ಮೂಲೆ, ಅಷ್ಟರಲ್ಲಿ ಕನ್ನಡಿಯಲ್ಲಿ, ಪಾತ್ರೆಯ ಕುತ್ತಿಗೆಯ ಸುತ್ತ, ಒಂದು ಬಿಳಿ ಚುಕ್ಕೆ. ಚುಕ್ಕೆ ಗೆರೆಯಾಯಿತು, ಗೆರೆ ಉಂಗುರವಾಯಿತು, ಸದ್ದೇ ಇಲ್ಲದೆ, ಆಮೇಲೆ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಒಂದೇ ಸಲ, ಮುಚ್ಚಳ ಮೇಲಿನ ತಗಡಿಗೆ ಹಾರಿ ಬಡಿಯಿತು, ಗೋಡೆ ಬೆನ್ನಿಗೆ ಒಂದು ಗುದ್ದು ಕೊಟ್ಟಿತು, ಮಾಪಕದ ಮುಳ್ಳು ಸೊನ್ನೆಗೆ ಬಿತ್ತು. ಫ್ಯಾನು ಹೊಗೆಯನ್ನು ಎಳೆದುಕೊಂಡ ಮೇಲೆ ಕನ್ನಡಿಯಲ್ಲಿ ಕಂಡದ್ದು: ವಾಲ್ವಿನ ಎದುರಿನ ತಗಡಿನ ಬಣ್ಣ ಸುಟ್ಟು ಒಂದು ಕಪ್ಪು ದುಂಡು, ಮನುಷ್ಯನ ಮುಖದಷ್ಟು, ಮನುಷ್ಯನ ಮುಖದ ಎತ್ತರದಲ್ಲಿ.

ಇಬ್ಬರೂ ಅದನ್ನು ನೋಡಿದರು. ವಾರ್ಸಾಕ್ಕೆ ಏನು ಬರೆಯುವುದು ಅಂತ ಯೋಚಿಸಲು ನೋಡಿದಳು, ಯೋಚನೆ ಹುಟ್ಟಲಿಲ್ಲ. ಕವಚ ತೆಗೆದ ವಿಂಕೊನ ಹಣೆಯ ಮೇಲೆ ಪಟ್ಟಿಯ ಕೆಂಪು ಗುರುತು, ತಣ್ಣಗಾದ ಕಾಫಿ ಎತ್ತಿ ಕುಡಿದ, ಈ ಕೋಣೆಯಲ್ಲಿ ಬಾಯಿಗೆ ಏನೂ ಹೋಗಕೂಡದು ಅಂತ ಕಲಿಸಿದವನು, ಪೂರ್ತಿ ಕುಡಿದ. ಅವಳು ಹೇಳಬೇಕಾದ್ದನ್ನು ಹೇಳಲು ಹೊರಟಳು, ಫೋನು, ಬ್ರಿನಾ, ಸಂಗೀತ ಶಾಲೆ, ಕೈ, ಒಂದಕ್ಕೊಂದು ಸೇರದ ಮಾತುಗಳು, ಅವನು ತಲೆಯಾಡಿಸುತ್ತ ಕೇಳಿದ, ನಡುವೆ ಒಂದು ಸಲ, ಪಾಪ ಅವಳು ಯಾವುದು ನುಡಿಸಿದಳು, ಅಂತ ಕೇಳಿದ, ಅವಳಿಗೆ ಗೊತ್ತಿರಲಿಲ್ಲ, ಮಗಳು ಏನು ನುಡಿಸಿದಳು ಅಂತ ಅವಳು ಕೇಳೇ ಇರಲಿಲ್ಲ. ಅವನು ಲೋಟದ ತಳ ನೋಡುತ್ತ ಮೆಲ್ಲಗೆ ಅಂದ.

“ನಾನೇ ಅಂತ ನಂಬಿಬಿಟ್ಟಿದ್ದೆ ಪೊಲೋನಾ. ಅಲ್ಲಿ ಬಾಗಿದಾಗಲೂ ಅದನ್ನೇ ಯೋಚಿಸ್ತಿದ್ದೆ, ತಲೆ ಹೋಯ್ತಲ್ಲ ನಂದು ಅಂತ.”

ಅವಳು ಬಲಗೈ ಮುಂದೆ ಚಾಚಿ ಹೆಬ್ಬೆರಳು ತೋರಿಸಿದಳು, ಬ್ರಿನಾ ಬಿದ್ದು ಬಂದಾಗ ಮಂಡಿ ತೋರಿಸುವ ಹಾಗೆ. ಅಂಗಿಯ ಕಾಲರಿನ ಒಳಗಡೆ ಅವನು ಯಾವಾಗಲೂ ಒಂದು ಸೂಜಿ ಸಿಕ್ಕಿಸಿಕೊಂಡಿರುತ್ತಾನೆ, ಅದನ್ನು ತೆಗೆದ, ಅವಳ ಕೈಯನ್ನು ಕಿಟಕಿಯ ಮಂಜಿನ ಬೆಳಕಿಗೆ ತಿರುಗಿಸಿದ, ಕನ್ನಡಕವನ್ನು ಹಣೆಗೇರಿಸಿ ಮೂಗು ತಗಲುವಷ್ಟು ಬಾಗಿದ, ಅಲ್ಲಾಡಬೇಡಿ ಡ್ರಾಕ್ಟರಮ್ಮ, ನಾಲಿಗೆ ತೊಡರಿತು, ಡಾಕ್ಟರಮ್ಮ, ಅಂತ ತಿದ್ದಿಕೊಂಡ, ಕುರುಡನ ಕೈಗೆ ಸಿಕ್ಕಿದೀರ. ಅವನ ಉಸಿರು ಬೆರಳ ಮೇಲೆ ಬೆಚ್ಚಗೆ, ಕಾಫಿಯ ವಾಸನೆ, ಸುಡದೆ ಉಳಿದ ಮುಖದ ಉಸಿರು. ಚರ್ಮ ಬಿರಿಯಿತು, ಒಂದು ಹನಿ ರಕ್ತ, ಹನಿಯೊಳಗಿಂದ ಅದು ಬಂತು, ಅಷ್ಟು ಸಣ್ಣದು, ಕೂದಲಿಗಿಂತ ಸಣ್ಣದು, ಸೂಜಿಯ ತುದಿಗೆ ಅಂಟಿಕೊಂಡು, ಬೆಳಕು ತಗಲಿದ ಕಡೆ ಇನ್ನೂ ಬೆಳ್ಳಗೆ, ಶುಕ್ರವಾರದಿಂದ ನನ್ನ ಮೈಯೊಳಗಿದ್ದದ್ದು, ಮರೆಸುತ್ತಿನೊಳಗೂ ಇದ್ದಂಥದ್ದು, ಅವನು ಅದನ್ನು ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದ, ತನಗೇ ಕಾಣುತ್ತಿರಲಿಲ್ಲ, ಬಂತಾ ಅಂತ ಕೇಳಿದ, ಬಂತಾ, ಅವಳು ನೋಡಿದಳು, ಸೂಜಿಯ ತುದಿಯಲ್ಲಿ ಸಿಬಿರು, ಹೊಳೆಯುವ ಸಿಬಿರು, ಸೂಜಿಯ ತುದಿ, ಸಿಬಿರು.